ಪಟ್ಟಿಯಲ್ಲಿದ್ದ ಎರಡನೇ ನರ್ಸ್

ಎಪ್ಪತ್ತರ ದಶಕದ ಕೊನೆಯಲ್ಲಿ ಗದಗಿನಿಂದ ಬಂದು ಯಲಹಂಕದ ಸಣ್ಣದೊಂದು ಸರ್ಕಾರಿ ಆಸ್ಪತ್ರೆಯಲ್ಲಿ ಗುಮಾಸ್ತೆಯಾಗಿ ಸೇರಿದೆ. ಬೆಳಿಗ್ಗೆ ಬಸ್ಸಿಳಿದು ನಡೆದರೆ ದ್ರಾಕ್ಷಿ ತೋಟಗಳು ಮಂಜಿನಲ್ಲಿ ಅರ್ಧ ಕರಗಿದಂತೆ ಕಾಣುತ್ತಿದ್ದವು. ಎಲ್ಲೋ ಮೇಲೆ ವಿಮಾನವೊಂದರ ಗುಂಯ್‌ಗುಡುವ ಸದ್ದು. ವಿಮಾನ ಮಾತ್ರ ಕಣ್ಣಿಗೆ ಬೀಳದು. ನಾನು ಎದ್ದು ಬಂದಿದ್ದೇನೋ, ಇನ್ನೂ ಕನಸಿನಲ್ಲೇ ನಡೆಯುತ್ತಿದ್ದೇನೋ ಎಂದು ಅನುಮಾನವಾಗುತ್ತಿತ್ತು. ಆಸ್ಪತ್ರೆಯ ಬಾಗಿಲಲ್ಲಿ ಫಿನಾಯಿಲ್ ವಾಸನೆ ಮೂಗಿಗೆ ಬಡಿದಾಗಲೇ ಪೂರ್ತಿ ಎಚ್ಚರ.

ಆ ಫಿನಾಯಿಲ್ ಹಾಕಿ ನೆಲ ಒರೆಸುತ್ತಿದ್ದವರು ಖಾಲಾ. ಅವರ ಮನೆಮಾತಿನಲ್ಲಿ ಹಾಗೆಂದರೆ ಚಿಕ್ಕಮ್ಮ. ಡಾಕ್ಟರರಿಂದ ಹಿಡಿದು ಎಲ್ಲರಿಗೂ ಅವರು ಖಾಲಾನೇ. ದಾಖಲೆಯಲ್ಲಿ ಅವರು ಸ್ವೀಪರ್. ಆದರೆ ನೆಲ ಒರೆಸಿದ ಮೇಲೆ ಅವರ ದಿನವೆಲ್ಲ ಹೆರಿಗೆ ವಾರ್ಡಿನಲ್ಲೇ ಕಳೆಯುತ್ತಿತ್ತು. ನೋವು ತಿನ್ನುವವರ ಬೆನ್ನು ನೀವುವರು, ನೀರು ಕಾಯಿಸುವರು, ಆಗಷ್ಟೇ ಹುಟ್ಟಿದ ಕೂಸನ್ನು ಹಳೇ ಮೆತ್ತನೆ ಸೀರೆಯಲ್ಲಿ ಸುತ್ತಿ ಕಿಟಕಿಯ ಎಳೆಬಿಸಿಲಿಗೆ ಹಿಡಿದು ನಿಲ್ಲುವರು. ಅಲ್ಲಿ ನಿಂತಾಗ ಅವರು ಏನೋ ಗುನುಗುತ್ತಿದ್ದರು. ಆ ಸದ್ದು ಗೋಡೆಯಾಚೆಯಿಂದ ನನ್ನ ಮೇಜಿನವರೆಗೆ ಹರಿದು ಬರುತ್ತಿತ್ತು.

ಒಮ್ಮೆ ಮೇಲಿನಿಂದ ಒಂದು ನಮೂನೆ ಬಂತು. ಯಾರು ಯಾವ ಹುದ್ದೆಯಲ್ಲಿದ್ದಾರೆ, ನಿಜವಾಗಿ ಯಾವ ಕೆಲಸ ಮಾಡುತ್ತಿದ್ದಾರೆ, ಎರಡನ್ನೂ ಬೇರೆಬೇರೆಯಾಗಿ ಬರೆಯಬೇಕಿತ್ತು.

"ಹೋದ ವರ್ಷದ್ದು ಇದ್ಯಲ್ಲಮ್ಮ, ಅದನ್ನೇ ಕಾಪಿ ಮಾಡಿ ಕಳ್ಸಿಬಿಡು," ಅಂದರು ದೊಡ್ಡ ಡಾಕ್ಟರು.

ಹಳೆಯ ಪಟ್ಟಿಯಲ್ಲಿ ಇಬ್ಬರು ನರ್ಸ್‌ಗಳಿದ್ದರು. ನಾನು ಕಂಡಿದ್ದು ಒಬ್ಬರನ್ನೇ. ಇನ್ನೊಬ್ಬರನ್ನು ಪಟ್ಟಣದ ಕಚೇರಿಯೊಂದಕ್ಕೆ ಫೈಲು ನೋಡಿಕೊಳ್ಳಲು ಕಳಿಸಿ ಮೂರು ವರ್ಷವಾಗಿತ್ತು. ಹೆಸರು ಮಾತ್ರ ನಮ್ಮಲ್ಲೇ ಉಳಿದಿತ್ತು. ಅದನ್ನು ಹಾಗೇ ಬರೆದೆ. ಆಮೇಲೆ ಖಾಲಾನ ಸಾಲಿಗೆ ಬಂದಾಗ ಮನಸ್ಸು ತುಂಬಿ ಬಂದು, ಮಾಡುವ ಕೆಲಸ 'ನರ್ಸಿಂಗ್' ಎಂದು ದುಂಡಗೆ ಬರೆದೆ.

ಮಧ್ಯಾಹ್ನ ಹೊಂಗೆ ಮರದ ಕೆಳಗೆ ಬುತ್ತಿ ಬಿಚ್ಚಿದಾಗ ಹೆಮ್ಮೆಯಿಂದ ಅವರಿಗೆ ಓದಿ ಹೇಳಿದೆ. ಖಾಲಾನ ಕೈತುತ್ತು ಅಲ್ಲೇ ನಿಂತಿತು.

"ಯಾಕ್ ಬೇಟಿ ಇಂಗ್ ಬರ್ದೆ? ನಾನು ನರ್ಸ್ ಅಲ್ಲಮ್ಮ."

"ನೀವು ಮಾಡೂದೆಲ್ಲಾ ನರ್ಸ್ ಕೆಲಸಾನ ಅಲ್ಲೇನ್ರೀ?"

"ಸೂಜಿ ಹಾಕಕ್ಕೆ ಬರಲ್ಲ, ಬಿಪಿ ನೋಡಕ್ಕೆ ಬರಲ್ಲ. ಹೋದ ಸೋಮವಾರ ಅಟ್ಟೂರಿನ ಹುಡುಗಿಗೆ ರಕ್ತ ಹೋಗಕ್ಕೆ ಶುರುವಾಯ್ತು. ನರ್ಸಮ್ಮ ಆ ಕಡೆ ಇಂಜೆಕ್ಷನ್ ರೂಮಲ್ಲಿ. ನಾನು ಕೂಗಿ ಕೂಗಿ ಕರ್ದೆ. ಅವ್ರು ಓಡಿ ಬರೋ ತನಕ ಈ ಕೈಲಿ ಏನೂ ಮಾಡಕ್ಕಾಗ್ಲಿಲ್ಲ." ಎರಡೂ ಕೈ ನನ್ನ ಮುಂದೆ ಚಾಚಿದರು. "ನೀನು ನನ್ನ ನರ್ಸ್ ಅಂತ ಬರೆದ್ರೆ ಮೇಲಿನವ್ರು ಏನಂತಾರೆ? ಅಲ್ಲಿ ಬೇಕಾದಷ್ಟು ಜನ ಇದಾರೆ ಅಂತಾರೆ. ಇನ್ನು ಯಾವತ್ತೂ ಯಾರ್ನೂ ಕಳ್ಸಲ್ಲ."

ಮರದ ನೆರಳು ನಮ್ಮ ಮೇಲೆ ಮೆಲ್ಲಗೆ ಅಲುಗುತ್ತಿತ್ತು. ಪ್ರೀತಿಯಿಂದ ಬರೆದ ಸುಳ್ಳೂ ಸುಳ್ಳೇ ಎಂದು ನನಗೆ ಆವತ್ತು ತಿಳಿಯಿತು. ಎರಡನೇ ನರ್ಸಿನ ಸಾಲನ್ನೂ ಹಾಗೇ ಬಿಟ್ಟಿದ್ದೆನಲ್ಲ ಎಂದು ನಾಚಿಕೆಯಾಯಿತು.

ಒಳಗೆ ಹೋಗಿ ಹಾಳೆ ಹರಿದು ಹೊಸದಾಗಿ ಬರೆದೆ. ನರ್ಸ್: ಹುದ್ದೆ ಎರಡು, ಕೆಲಸದಲ್ಲಿರುವವರು ಒಬ್ಬರು, ಇನ್ನೊಬ್ಬರು ಬೇರೆ ಕಚೇರಿಯಲ್ಲಿ. ಖಾಲಾ: ಹುದ್ದೆ ಸ್ವೀಪರ್, ಮಾಡುವ ಕೆಲಸ ಸ್ವಚ್ಛತೆ ಮತ್ತು ಹೆರಿಗೆ ವಾರ್ಡಿನ ಆಯಾ, ನರ್ಸಿಂಗ್ ತರಬೇತಿ ಇಲ್ಲ.

ಡಾಕ್ಟರು ಹಣೆ ಉಜ್ಜಿಕೊಂಡರು. "ಏನಮ್ಮ ಇದು! ಮೂರು ವರ್ಷ ಯಾಕ್ ಸುಮ್ನಿದ್ರಿ ಅಂತ ನನ್ನೇ ಕೇಳ್ತಾರೆ."

"ಸರ್, ಪಟ್ಟಿಯೊಳಗಿರೋ ನರ್ಸ್ ಬಂದು ಹೆರಿಗಿ ಮಾಡಸೂದಿಲ್ರೀ," ಎಂದೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ.

ಎರಡು ದಿನ ಕಾಗದ ಅವರ ಮೇಜಿನ ಮೇಲೇ ಇತ್ತು. ಆ ಎರಡು ದಿನ ನಾನು ನೀರೊಳಗೆ ನಡೆದಂತೆ ನಡೆದೆ. ಮಾತುಗಳು ದೂರದಿಂದ ಕೇಳುತ್ತಿದ್ದವು. ಮೂರನೇ ದಿನ ಸಹಿಯಾಗಿ ಬಂತು. ಕೆಳಗೆ ಡಾಕ್ಟರು ತಾವೇ ಒಂದು ಸಾಲು ಸೇರಿಸಿದ್ದರು: ಹೆರಿಗೆ ವಾರ್ಡಿಗೆ ನರ್ಸ್ ತುರ್ತಾಗಿ ಬೇಕು.

ಆರು ತಿಂಗಳಾದ ಮೇಲೆ ದಾಸರಹಳ್ಳಿ ಕಡೆಯಿಂದ ಹೊಸ ನರ್ಸ್ ಬಂದರು, ಇಪ್ಪತ್ತೆರಡರ ಹುಡುಗಿ. ಬಿಸಿನೀರಿನ ಪಾತ್ರೆ ಎಲ್ಲಿ, ಒಗೆದ ಬಟ್ಟೆ ಎಲ್ಲಿ ಎಂದು ಖಾಲಾ ತೋರಿಸಿಕೊಟ್ಟರು. ಹುಡುಗಿ ಅವರಿಗೆ ನಾಡಿ ಎಣಿಸುವುದನ್ನು ಕಲಿಸಿದಳು.

ಖಾಲಾನ ಹುದ್ದೆ ಬದಲಾಗಲು ಇನ್ನೂ ನಾಲ್ಕು ವರ್ಷ ಹಿಡಿಯಿತು. ಆಯಾ ಎಂಬ ಆದೇಶ ಬಂದ ದಿನ ಅವರು ನನ್ನಿಂದ ಅದನ್ನು ಎರಡು ಸಲ ಓದಿಸಿದರು.

"ನಾನ್ ಮಾಡೋದೇ ಬರೆದವ್ರಾ?"

"ಹೌದ್ರೀ ಖಾಲಾ. ಹೆಚ್ಚಿಲ್ಲ, ಕಡಿಮಿಲ್ಲ."

ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, ಕಾಗದ ಮಡಚಿ ನನ್ನ ಕೈಗೇ ಕೊಟ್ಟರು. "ನಿನ್ ಹತ್ರಾನೇ ಇರ್ಲಿ, ಸಾಯಂಕಾಲ ತಗೊಂತೀನಿ. ಒಳಗೆ ಒಂದ್ ಹುಡುಗಿಗೆ ನೋವು ಜಾಸ್ತಿಯಾಗೈತೆ," ಅಂದು ವಾರ್ಡಿನ ಕಡೆ ನಡೆದರು.