ಮಗ್ಗ ನಿಂತಾಗ ಎಚ್ಚರವಾಯಿತು

ಕಣ್ಣು ಬಿಟ್ಟಾಗ ನಾನು ಕೊಳ್ಳೇಗಾಲದಲ್ಲಿ ಗುರುತಿಲ್ಲದವರ ಮನೆಯ ಚಾಪೆಯ ಮೇಲಿದ್ದೆ. ಎದೆಯ ಮೇಲೆ ಮಗಳ ಇತಿಹಾಸದ ಪುಸ್ತಕ ಬಿದ್ದಿತ್ತು. ಬಾಗಿಲಲ್ಲಿ ನಿಂತು ಮನೆಯೊಡತಿ ಅಜ್ಜಿಯೂ ನನ್ನ ಮಗಳೂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು.

ಮಗಳಿಗೆ ಪಿಯುಸಿಗೆ ಸೀಟು ಸಿಕ್ಕಿತ್ತು. ಕಾಲೇಜಿನ ಹತ್ತಿರ ಒಳ್ಳೆಯ ಕೋಣೆ ಸಿಗದಿದ್ದರೆ ಓದೇ ಬೇಡ, ಸಂಜೆಯ ಬಸ್ಸಿಗೆ ಕೌದಳ್ಳಿಗೆ ವಾಪಸು ಎಂದು ನಾನೇ ಷರತ್ತು ಹಾಕಿದ್ದೆ. ಬೆಳಗಿನಿಂದ ಮೂರು ಮನೆ ತಳ್ಳಿಹಾಕಿದ್ದೂ ಆಗಿತ್ತು. ಒಂದರ ಬಾವಿಕಟ್ಟೆ ಗಿಡ್ಡ, ಒಂದರ ಚಿಲಕ ಸಡಿಲ, ಮತ್ತೊಂದರ ಎದುರಿಗೇ ಸಿನಿಮಾ ಟೆಂಟು. ಈ ನಾಲ್ಕನೆಯದು ನೇಕಾರರ ಮನೆ. ಕೋಣೆಯ ಗೋಡೆಯಾಚೆಗೇ ರೇಷ್ಮೆ ಮಗ್ಗ ಲಟಪಟ ಎನ್ನುತ್ತಿತ್ತು.

"ಈ ಸದ್ದಲ್ಲಿ ಮಗು ಎಂಗೆ ಓದೀತು? ತಾಳವ್ವಾ, ನಾನೇ ಓದಿ ನೋಡ್ತೀನಿ" ಎಂದು ಪುಸ್ತಕ ಹಿಡಿದು ಕೂತವನು ಎರಡು ಪುಟ ದಾಟಿರಲಿಲ್ಲ.

ಈಗ ಮಗ್ಗ ಸುಮ್ಮನಿತ್ತು.

"ದಣುದು ಬಂದಿದ್ದೀರಿ, ಮನಿಕ್ಕಳ್ಳಿ ಅಂತ ಮಗ್ಗ ನಿಲ್ಸುಸ್ದೆ ಕಣಪ್ಪ" ಎಂದರು ಅಜ್ಜಿ. "ನಿಲ್ಸಿದ್ದೇ ತಡ, ಎದ್ಬುಟ್ರಲ್ಲಾ!"

ಮಗಳು ಆಗಲೇ ಗೋಡೆಗೂಡಿನಲ್ಲಿ ಪುಸ್ತಕ ಜೋಡಿಸಿಬಿಟ್ಟಿದ್ದಳು. ಸಂಜೆಯ ಬಸ್ಸನ್ನು ನಾನೊಬ್ಬನೇ ಹತ್ತಿದೆ.

ಅವಳೀಗ ಆ ಸದ್ದಿನಲ್ಲೇ ಚೆನ್ನಾಗಿ ಓದುತ್ತಿದ್ದಾಳೆ, ಸದ್ದಿನ ಚಿಂತೆ ನನ್ನನ್ನು ಬಿಟ್ಟಿದೆ. ಆದರೆ ಅಮಾವಾಸ್ಯೆಯ ದಿನ ನೇಕಾರರು ಮಗ್ಗ ಮುಟ್ಟುವುದಿಲ್ಲವಂತೆ. ಪಂಚಾಂಗ ತೆಗೆದು ನೋಡಿದೆ. ಪರೀಕ್ಷೆಯ ಹಿಂದಿನ ದಿನವೇ ಅಮಾವಾಸ್ಯೆ. ಆ ನಿಶ್ಶಬ್ದದಲ್ಲಿ, ಪಾಪ, ಮಗು ಹೇಗೆ ಓದುತ್ತದೋ!