ಬೀಸುಕಲ್ಲಿನ ಸುರಕ್ಕೆ ಪ್ಲೇಟು ಹೊಂದಿಸಿದ ಮನ್ಮಥಪ್ಪ

ಸಂಗೀತದ ಗಂಧವಿಲ್ಲದ ಕೈ ಇನ್ನೊಬ್ಬರ ಕಿವಿಯ ಬಗ್ಗೆ ಬರೆಯುವುದು ಅಧಿಕಪ್ರಸಂಗವೇ. ಎಲ್ಲಾದರೂ ತಪ್ಪಿದ್ದರೆ ತಿಳಿದವರು ಕ್ಷಮಿಸಬೇಕು. ಆದರೆ ಜಹೀರಾಬಾದಿನ ಮನ್ಮಥಪ್ಪನವರ ಬಗ್ಗೆ ತಿಳಿದವರು ಯಾರೂ ಇದುವರೆಗೆ ಬರೆದಿಲ್ಲ.

ಬೆಲ್ಲದ ಬಂಡಿಗಳು ಬಜಾರಕ್ಕೆ ಇಳಿಯುವ ಮುಂಚೆ, ಇನ್ನೂ ಮಬ್ಬಿರುವಾಗಲೇ, ಅವರು ಸೋಮಶೇಖರ ಸಾವಕಾರರ ಗ್ರಾಮಫೋನು ಅಂಗಡಿಯ ಬಾಗಿಲು ತೆಗೆಯುತ್ತಾರೆ. ಗದ್ದಲ ಶುರುವಾದರೆ ಹಾಡಿನ ಪ್ಲೇಟಿನ ದೋಷ ಕೇಳುವುದಿಲ್ಲ. ಯಂತ್ರಕ್ಕೆ ಚಾವಿ ಕೊಟ್ಟು, ಮುಳ್ಳು ಇಳಿಸಿ, ಕಣ್ಣು ಮುಚ್ಚಿ ಕೂರುತ್ತಾರೆ. ಮಾರಲು ಬಂದ ಹಳೆಯ ಪ್ಲೇಟು ಎಷ್ಟು ಸವೆದಿದೆಯೆಂದು ಹೇಳುವುದೇ ಅವರ ಕೆಲಸ.

“ಮೊದಲು ಸವೆಯೋದು ಹಾಡಿನಾಗಿನ ‘ಸ’ಕಾರ್ರಿ,” ಎನ್ನುತ್ತಾರೆ. “ಅದು ಮಂಕಾತು ಅಂದ್ರ, ಪ್ಲೇಟಿಗೊಂದು ಹೊಸ ಮುಳ್ಳು ಹಾಕೋದು ಬಿಟ್ಟು ಯಾರೋ ಒಂದೇ ಮುಳ್ಳಿನಾಗ ಇಡೀ ಮದಿವಿ ಮುಗಿಸ್ಯಾರ ಅಂತ ತಿಳೀಬೇಕು.” ಲಡಾಯಿ ಶುರುವಾಗಿ ಮುಳ್ಳಿಗೂ ಬರ ಬಂದ ಮೇಲೆ ಅಂಥ ಮದುವೆಗಳೇ ಹೆಚ್ಚು.

ಮೊದಲು ಅವರು ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದರು. ಸುರ ಹೊರಡಿಸುವ ಹಿತ್ತಾಳೆ ನಾಲಿಗೆಗಳನ್ನು ಉಜ್ಜಿ ಉಜ್ಜಿ ಕಣ್ಣು ಮಂಜಾಯಿತು, ಕಿವಿಯೊಂದು ಉಳಿಯಿತು. ಆ ಕಿವಿಯಿಂದ ಮನೆಯವರಿಗೆ ಸುಖವಿಲ್ಲ. “ಹೊರಗ ಕುಂತು ರೊಟ್ಟಿ ಬಡಿಯೋ ಸಪ್ಪಳ ಕೇಳಿ, ಹಿಟ್ಟಿಗಿ ನೀರು ಹೆಚ್ಚಾಗ್ಯಾದ ಅಂತಾರ್ರಿ,” ಎಂದು ಹೆಂಡತಿ ಸುಲಭಾ ಮೂಗು ಮುರಿಯುತ್ತಾರೆ. ಆಮೇಲೆ ದನಿ ತಗ್ಗಿಸಿ, “ಖರೇನೂ ಇರ್ತದ, ಅದೇ ತ್ರಾಸ.”

ಹೋದ ಶ್ರಾವಣದಲ್ಲಿ ಕಂಗ್ಟಿ ಊರಿನಿಂದ ವಯಸ್ಸಾದ ಪಾರ್ವತಿಬಾಯಿ ಬಂದರು. ಅವರ ಗಂಡ ವೀರಪ್ಪ ಭಜನೆ ಹಾಡುತ್ತಿದ್ದವರು. ಒಮ್ಮೆ ಹೈದರಾಬಾದಿಗೆ ಹೋಗಿ ಒಂದೇ ಒಂದು ಪ್ಲೇಟಿಗೆ ಹಾಡಿ ಬಂದರು, ಮರುವರ್ಷ ತೀರಿಕೊಂಡರು. ಮನೆಯಲ್ಲಿ ಯಂತ್ರವಿಲ್ಲ. ಪ್ಲೇಟು ಸೀರೆಯಲ್ಲಿ ಸುತ್ತಿಕೊಂಡು ಟ್ರಂಕಿನಲ್ಲೇ ವರ್ಷಗಟ್ಟಲೆ ಇತ್ತು. ಆ ದನಿಯನ್ನು ಸಾಯುವುದರೊಳಗೆ ಒಮ್ಮೆ ಕೇಳಬೇಕೆಂದು ಬಂದಿದ್ದರು.

ಸಾವಕಾರರು ಪ್ಲೇಟು ಹಚ್ಚಿದರು. ಪಾರ್ವತಿಬಾಯಿ ಹುಬ್ಬು ಗಂಟಿಕ್ಕಿದರು. “ಇದ್ಯಾವ ಕರು ಒದರ್ತದ? ನಮ್ಮವರ ದನಿ ಅಲ್ಲ ಇದು.”

“ಪ್ಲೇಟಿನ ಮ್ಯಾಲ ಹೆಸರು ಅವರದೇ ಅದ, ಅವ್ವಾ,” ಎಂದರು ಸಾವಕಾರರು.

“ಹೆಸರೇನು ಹಾಡ್ತದೇನಪ್ಪಾ?” ಎಂದು ಸೆರಗು ಸರಿಮಾಡಿಕೊಂಡು ಎದ್ದೇಬಿಟ್ಟರು.

“ಕೂಡ್ರಿ ಅವ್ವಾ,” ಎಂದರು ಮನ್ಮಥಪ್ಪ. “ಗಿರಾಕಿಗಿ ಚುರುಕು ಬೇಕಂತ ನಾವೇ ಯಂತ್ರ ಜೋರು ಓಡಿಸ್ತೀವಿ. ಜೋರು ಓಡಿದ್ರ ದನಿ ಮ್ಯಾಲ ಏರ್ತದ. ಎಷ್ಟು ಇಳಿಸ್ಬೇಕು ಅನ್ನೋದು ನಿಮಗೇ ಗೊತ್ತು. ಅವರ ಸುರ ಯಾವುದು?”

“ನನಗೇನು ತಿಳೀತದ? ಅವರು ನಸುಕಿನಾಗ ಹಾಡೋರು. ನಾ ಬೀಸ್ಕೋತ ದನಿ ಕೂಡಿಸ್ತಿದ್ದೆ. ಸುರ ಒಂದೇ, ಅವರು ಕೆಳಗ, ನಾ ಮ್ಯಾಲ.”

“ಹಂಗಾರ ಈಗ ಅನ್ರಿ.”

ಪಾರ್ವತಿಬಾಯಿ ಬಾಯಿ ತೆರೆದರು, ದನಿ ಹೊರಡಲಿಲ್ಲ. “ಕೈಯಾಗ ಬೀಸುಕಲ್ಲಿನ ಗೂಟ ಇಲ್ದ ಬಾಯಿ ಏಳಂಗಿಲ್ಲ,” ಎಂದು ನಾಚಿದರು.

ಪಕ್ಕದ ಮನೆಯ ಮಾಣಿಕಮ್ಮನ ಬೀಸುಕಲ್ಲು ಅಂಗಡಿಗೆ ಬಂತು. “ಇದು ಗ್ರಾಮಫೋನು ಅಂಗಡಿನೋ, ಹಿಟ್ಟಿನ ಗಿರಣಿನೋ?” ಎಂದು ಗೊಣಗಿದ ಸಾವಕಾರರೇ ಕಲ್ಲಿಗೆ ಕೈ ಹಚ್ಚಿ ಒಳಗೆ ತಂದರು. ಮಾಣಿಕಮ್ಮ ಒಂದು ಬೊಗಸೆ ಜೋಳ ಹಾಕಿದರು.

ಕಲ್ಲು ತಿರುಗಿತು. ಎರಡು ಸುತ್ತು ಆಗುವಷ್ಟರಲ್ಲಿ ಪಾರ್ವತಿಬಾಯಿಯ ದನಿ ಎದ್ದಿತು. ಮನ್ಮಥಪ್ಪ ಹೊಸ ಮುಳ್ಳು ಹಾಕಿ, ಪ್ಲೇಟು ಮತ್ತೆ ಹಚ್ಚಿ, ಕಿವಿಯನ್ನು ಆಕೆಯ ಕಡೆಗಿಟ್ಟು, ಯಂತ್ರದ ವೇಗದ ತಿರುಪನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದರು. ಕೀರಲು ಕಳೆಯಿತು. ದನಿ ದಪ್ಪವಾಯಿತು, ಎದೆಗಿಳಿಯಿತು. ಒಂದು ಹಂತದಲ್ಲಿ ಎರಡು ದನಿಗಳು, ಕೆಳಗೊಂದು ಮೇಲೊಂದು ಇದ್ದೂ, ಒಂದೇ ಸುರದಲ್ಲಿ ಕೂಡಿಕೊಂಡವು.

ಕಲ್ಲು ನಿಂತಿತು. ಪಾರ್ವತಿಬಾಯಿ ತಲೆಯ ಮೇಲೆ ಸೆರಗು ಎಳೆದುಕೊಂಡರು.

“ಬಂದ್ರು,” ಎಂದರು.



ಆ ದಿನದ ಮಾತು ತೆಗೆದರೆ ಮನ್ಮಥಪ್ಪ ಹಿಗ್ಗುವುದಿಲ್ಲ, ಕಿವಿ ತುರಿಸಿಕೊಳ್ಳುತ್ತಾರೆ. “ಇಷ್ಟು ವರ್ಷದಾಗ ಅವ್ವನ ದನಿನೂ ಇಳಿದಿರಬೇಕಲ್ರಿ. ನಾ ಹೊಂದಿಸಿದ್ದು ಈಗಿನ ಅವ್ವನ ಸುರಕ್ಕ.”

ವೀರಪ್ಪ ಅಂದು ಯಾವ ಸುರದಲ್ಲಿ ಹಾಡಿದರು ಎಂಬುದು ಮನ್ಮಥಪ್ಪನವರಿಗೆ ಗೊತ್ತಿಲ್ಲ. ಇದನ್ನು ಕೇಳಿ ಬರೆದ ಈ ಕೈಗೂ ಗೊತ್ತಿಲ್ಲ.