ಜಾಲಿ ಮರದ ಮೇಲೆ ಎರಡು ವಾಚು

ಆಗೆಲ್ಲ ನಮ್ಮೂರಿಗೆ ಹೊತ್ತು ಹೇಳುತ್ತಿದ್ದದ್ದು ಬಸ್ಸು. ಬಳ್ಳಾರಿ ಬಸ್ಸು ಬಂದರೆ ಹಾಲು ಕಾಯಿಸುವ ಹೊತ್ತು, ರಾಯದುರ್ಗದ ಬಸ್ಸು ಹೋದರೆ ದನ ಬಿಡುವ ಹೊತ್ತು. ಬಸ್ಸು ತಡವಾದರೆ ಊರಿಗೆ ಊರೇ ತಡ, ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ವಾಚು ಕಟ್ಟಿದವರು ಬೆರಳೆಣಿಕೆಯಷ್ಟು ಜನ. ಅದರಲ್ಲೂ ಅರ್ಧಕ್ಕರ್ಧ ವಾಚು ನಡೆಯುತ್ತಿರಲಿಲ್ಲ, ಮದುವೆಯಲ್ಲಿ ಮಾವ ಕೊಟ್ಟದ್ದೆಂಬ ಜಂಬಕ್ಕೆ ಕಟ್ಟಿಕೊಂಡು ತಿರುಗುತ್ತಿದ್ದರು. ಟೈಮೆಷ್ಟು ಎಂದು ಕೇಳಿದರೆ ಮೊದಲು ಸೂರ್ಯನನ್ನು ನೋಡಿ, ಆಮೇಲೆ ವಾಚು ನೋಡಿ ಹೇಳುತ್ತಿದ್ದರು.

ಮಕ್ಕಳಾದ ನಮಗೆ ಬೇರೆಯೇ ವಾಚಿತ್ತು. ಬೊಂಬಾಯಿ ಮಿಠಾಯಿಯವನು ಕೋಲಿನ ತುದಿಯ ಗೊಂಬೆಯಿಂದ ಚಪ್ಪಾಳೆ ತಟ್ಟಿಸುತ್ತ ಬರುತ್ತಿದ್ದ. ಗುಲಾಬಿ ಬಣ್ಣದ ಮಿಠಾಯಿಯನ್ನು ಜಗ್ಗಿ ಎಳೆದು ನಮ್ಮ ಮಣಿಕಟ್ಟಿಗೆ ಸುತ್ತಿ ನಡುವೆ ಒಂದು ಚುಕ್ಕೆ ಇಡುತ್ತಿದ್ದ. ನಾನು ಮತ್ತು ಈರಮ್ಮ ಒಟ್ಟಿಗೇ ಕಟ್ಟಿಸಿಕೊಳ್ಳುತ್ತಿದ್ದೆವು. ಈರಮ್ಮ ಅಂದರೆ ಗಾದಿಲಿಂಗ ಮಾವನ ಮಗಳು, ನನ್ನ ಓರಗೆಯವಳು. ಮಾವ ನಮಗೆ ರಕ್ತಸಂಬಂಧಿಯೇನಲ್ಲ. ಅಪ್ಪನ ಜೊತೆ ಎಮ್ಮೆ ಮೇಯಿಸಿ ಬೆಳೆದವನು, ನಮ್ಮ ಗದ್ದೆಯ ಬದುವಿಗೆ ಬದು ಹತ್ತಿಸಿಕೊಂಡು ಉಳುವವನು.

"ನಿಂದೆಷ್ಟಾತೇ ಟೈಮು?" ಎನ್ನುತ್ತಿದ್ದಳು ಈರಮ್ಮ.

"ನಂದು ಹನ್ನೆರಡು. ನಿಂದು?"

"ನಂದು ಆಗ್ಲೇ ನೆಕ್ಕಿಬುಟ್ಟೀನಿ."

ಅಪ್ಪನ ವಾಚು ಮಾತ್ರ ನಿಜವಾಗಿ ನಡೆಯುತ್ತಿತ್ತು. ಅವ್ವನ ತವರಿನವರು ಮದುವೆಯಲ್ಲಿ ಕೊಟ್ಟ ಕೀ ವಾಚು ಅದು. ಬೆವರು, ಕೊಬ್ಬರಿ ಎಣ್ಣೆ, ಚರ್ಮದ ಪಟ್ಟಿ ಮೂರೂ ಬೆರೆತ ಒಂದು ವಾಸನೆ ಅದಕ್ಕಿತ್ತು. ಬೆಳಿಗ್ಗೆ ಮುಖ ತೊಳೆದು, ಸೂರ್ಯನಿಗೆ ಕೈ ಮುಗಿದು, ಚಹಾಕ್ಕಿಂತ ಮೊದಲು ಅಪ್ಪ ಅದಕ್ಕೆ ಕೀ ಕೊಡುತ್ತಿದ್ದ. ಕೀ ಬಿಗಿಯಾಯಿತೆನ್ನುವಾಗ ಅವನ ಬೆರಳು ತಾನಾಗಿ ನಿಲ್ಲುತ್ತಿತ್ತು. ನನ್ನ ಕಿವಿಗೆ ಹಿಡಿದರೆ ಒಳಗೆ ಜೀರುಂಡೆ ಕೂತಂತೆ ಚಿಕಿಚಿಕಿ ಸದ್ದು. "ಸಾಕು ಬುಡು, ಅದ್ಕೂ ಬ್ಯಾಸರಾಕೈತಿ" ಎಂದು ಅಪ್ಪ ಕಸಿದುಕೊಳ್ಳುತ್ತಿದ್ದ.

ಬೊಮ್ಮನಹಾಳ್ ಕಡೆಯ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಊರು ನಮ್ಮದು. ಭತ್ತ ತೆನೆ ಒಡೆಯುವ ಕಾರ್ತೀಕ ಮಾಸದಲ್ಲಿ ಕಾಲುವೆಯಲ್ಲಿ ನೀರು ಇಳಿದುಬಿಡುತ್ತಿತ್ತು. ಆಗ ಪಾಳಿ ಹಾಕುತ್ತಿದ್ದರು. ಇಷ್ಟು ಹೊತ್ತು ಇವರ ಗದ್ದೆಗೆ, ಆಮೇಲೆ ಅಷ್ಟು ಹೊತ್ತು ಅವರ ಗದ್ದೆಗೆ. ಪಾಳಿ ಶುರುವಾದ ದಿನ ಅಪ್ಪ ವಾಚು ಬಿಚ್ಚಿ, ತೂಬಿನ ಪಕ್ಕದ ಜಾಲಿ ಮರಕ್ಕೆ ಹೊಡೆದ ಮೊಳೆಗೆ ತೂಗು ಹಾಕಿ ಬರಿಗೈಲಿ ಮನೆಗೆ ಬರುತ್ತಿದ್ದ. ಪಾಳಿ ಮುಗಿಯುವವರೆಗೂ ಅದು ನಮ್ಮ ವಾಚಲ್ಲ, ನೀರಿನ ವಾಚು. ಯಾರು ಬೇಕಾದರೂ ಬಂದು ನೋಡಬಹುದು. ಆದರೆ ನೋಡುವವರು ಎರಡೂ ಕೈ ಹಿಂದಕ್ಕೆ ಕಟ್ಟಿಕೊಳ್ಳಬೇಕು. ಹಾಗೆಂದು ಹಿರಿಯರು ಕಟ್ಟು ಮಾಡಿದ್ದರು. ಎಂಥ ಗತ್ತಿನ ಮನುಷ್ಯನಾದರೂ ಆ ಮರದ ಮುಂದೆ ಮೇಷ್ಟರ ಮುಂದಿನ ಹುಡುಗನಂತೆ ಕೈ ಕಟ್ಟಿ ಕತ್ತು ಚಾಚುವುದನ್ನು ನೋಡಿ ನಾನು ಮತ್ತು ಈರಮ್ಮ ಬದುವಿನ ಮೇಲೆ ಬಿದ್ದು ಬಿದ್ದು ನಗುತ್ತಿದ್ದೆವು. ಮುಟ್ಟುವ ಹಕ್ಕು ಅಪ್ಪನೊಬ್ಬನಿಗೆ, ಅದೂ ಬೆಳಿಗ್ಗೆ ಎಲ್ಲರ ಕಣ್ಣೆದುರು ಕೀ ಕೊಡುವುದಕ್ಕೆ ಮಾತ್ರ.

ಆ ವಾಚಿಗೆ ಒಂದು ರೋಗವಿತ್ತು. ದಿನಾ ಸ್ವಲ್ಪ ಸ್ವಲ್ಪ ಹಿಂದೆ ಬೀಳುತ್ತಿತ್ತು. ರೇಡಿಯೋ ವಾರ್ತೆ ಕೇಳಿ ಸರಿ ಮಾಡಬೇಕು. ಆದರೆ ಮುಳ್ಳನ್ನು ಮುಂದಕ್ಕೆ ತಳ್ಳಿದಾಗ ಯಾರ ಪಾಳಿ ನಡೆಯುತ್ತಿದೆಯೋ ಅವರ ನೀರು ಅಷ್ಟು ಹೊತ್ತು ಕಡಿಮೆಯಾಗುತ್ತದೆ. ಅದಕ್ಕೆ ಅಪ್ಪ ನಮ್ಮ ಪಾಳಿ ಬರುವವರೆಗೆ ಕಾದು, ನಮ್ಮ ಗದ್ದೆಗೆ ನೀರು ಹರಿಯುವಾಗಲೇ ಮುಳ್ಳು ಮುಂದಕ್ಕೆ ತಿರುಗಿಸುತ್ತಿದ್ದ. ಇದು ಗೊತ್ತಿದ್ದದ್ದು ನಮ್ಮ ಮನೆಯವರಿಗೆ ಮತ್ತು ಗಾದಿಲಿಂಗ ಮಾವನಿಗೆ ಮಾತ್ರ. ಒಮ್ಮೆ ಮಾವ ನಮ್ಮ ಕಟ್ಟೆಯ ಮೇಲೆ ಕೂತು ಅಪ್ಪನನ್ನು ಬೈದದ್ದು ನನಗೆ ಚೆನ್ನಾಗಿ ನೆನಪಿದೆ.

"ಯಾಕಲೇ ತಿಪ್ಪಣ್ಣ, ಎಲ್ಲಾರ ನಷ್ಟ ನೀನೊಬ್ಬನ ಯಾಕ ಹೊರ್ತಿ? ಎಲ್ಲಾರ್ಗೂ ಹೇಳಿ ಹಂಚಿಬುಡು."

"ಬ್ಯಾಡೋ ಗಾದಿಲಿಂಗ. ವಾಚು ಹಿಂದ ಬೀಳ್ತೈತಿ ಅಂತ ಒಂದ್ಸಲ ಬಾಯಿಬಿಟ್ರ ಮುಗೀತು, ನಾಳಿಂದ ಒಬ್ರೂ ನಂಬಂಗಿಲ್ಲ. ನಾಕು ಹಿಡಿ ಭತ್ತ ಹೋದ್ರ ಹೋಗ್ಲಿ."

ಆಮೇಲೊಂದು ವರ್ಷ ಬಂತು ನೋಡಿ ಸೆಲ್ ವಾಚು. ಗಾದಿಲಿಂಗ ಮಾವನ ಹೆಂಡತಿಯ ತಮ್ಮ ಓಬಳಾಪುರದ ಕಡೆ ಲಾರಿ ಓಡಿಸುತ್ತಿದ್ದ. ಅವನು ಬಳ್ಳಾರಿಯಿಂದ ಭಾವನಿಗೆಂದು ತಂದದ್ದು. ತೆಳ್ಳಗೆ, ಬೆಳ್ಳಗೆ, ಮದುಮಗನ ಹಾಗೆ ಮಿರಿಮಿರಿ ಮಿಂಚುತ್ತಿತ್ತು. ಹೋಟೆಲಿನ ಬೆಂಚಿನ ಮೇಲೆ ಉಗ್ಗಾಣಿ, ಮೆಣಸಿನಕಾಯಿ ಬಜ್ಜಿಯ ಮುಂದೆ ಅದರದೇ ನ್ಯಾಯ. ಅಪ್ಪನ ಜೊತೆ ಬಜ್ಜಿಯ ಆಸೆಗೆ ಹೋದ ನಾನೂ ಕೇಳುತ್ತಾ ಕೂತಿದ್ದೆ.

"ಕೀ ಕೊಡೋ ಹಂಗಿಲ್ರಿ, ವರ್ಸಾನಗಟ್ಲೆ ತಾನಾ ಓಡ್ತೈತಿ," ಎಂದ ಮಾವ.

"ಹೊಟ್ಟಿಗೆ ಹಾಕದ ಎತ್ತು ಎಲ್ಲೀತನ ಗಳೇವು ಹೊಡೀತೈತ್ರಿ?" ಎಂದ ಒಬ್ಬ ಮುದುಕ.

"ಹೊಟ್ಟಿಗೆ ಸೆಲ್ ಐತಲ್ಲ ಅಜ್ಜ. ರೇಡಿಯೋ ಪೀಂ ಅಂದಾಗ ನೋಡು ಬೇಕಾರ, ಕೂದಲಷ್ಟು ಹೆಚ್ಚಿಲ್ಲ ಕಮ್ಮಿಲ್ಲ."

ಅಪ್ಪ ಅದನ್ನು ಕೈಗೆ ತೆಗೆದುಕೊಂಡು ಕಿವಿಗೆ ಹಿಡಿದ. "ಚಲೋ ಐತಲೇ," ಎಂದ ಮನಸಾರೆ. "ಆದ್ರ ಇದು ನಿಂತ್ರ ಹೆಂಗ ಗೊತ್ತಾಗ್ತೈತಿ? ನಂದು ನಿಲ್ಲೋ ಮುಂದ ಮುದುಕನಂಗ ಕೆಮ್ಮಿ, ತೆವಳಿ ನಿಲ್ತೈತಿ."

"ನಿಂದ್ರೋ ವಾಚಾದ್ರ ತಾನ ಈ ಮಾತು?" ಎಂದು ಮಾವ ತೊಡೆ ತಟ್ಟಿ ನಕ್ಕ. ಅಪ್ಪನೂ ನಕ್ಕ. ಅವರಿಬ್ಬರೂ ಸೇರಿ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಕೊನೆ.

ಪಾಳಿ ಶುರುವಾದಾಗ ನಾಲ್ಕು ಜನ ಹೇಳಿದರೆಂದು ಸೆಲ್ ವಾಚನ್ನೂ ಅದೇ ಜಾಲಿಗೆ ತೂಗು ಹಾಕಿದರು. ಇದೊಂದು ಮೊಳೆ, ಅದೊಂದು ಮೊಳೆ. ಎರಡು ದಿನ ಎರಡೂ ಜೋಡೆತ್ತಿನಂತೆ ನಡೆದವು. ಆಮೇಲೆ ನಮ್ಮದು ಹಿಂದೆ ಬಿತ್ತು. ಜನ ಒಂದನ್ನು ನೋಡಿ ಇನ್ನೊಂದನ್ನು ನೋಡಿ ಮುಖ ಮುಖ ನೋಡಿಕೊಂಡರು. ಅಷ್ಟರಲ್ಲಿ ನಮ್ಮ ಪಾಳಿ ಬಂತು. ಅಪ್ಪ ಎಂದಿನಂತೆ ಮುಳ್ಳು ಮುಂದಕ್ಕೆ ತಿರುಗಿಸಿದ. ಪಕ್ಕದ ಬದುವಿನಿಂದ ಯಾರೋ ನೋಡಿದರು.

ಬೆಳಗಾಗುವಷ್ಟರಲ್ಲಿ ತೂಬಿನ ಹತ್ತಿರ ಊರೇ ಸೇರಿತ್ತು. ಅವ್ವ ನನ್ನ ಕೈ ಹಿಡಿದುಕೊಂಡೇ ಓಡಿದಳು. ಅವಳ ಕೈಯಲ್ಲಿ ಇನ್ನೂ ರೊಟ್ಟಿ ಹಿಟ್ಟು ಮೆತ್ತಿಕೊಂಡಿತ್ತು.

"ಮಂದಿ ಪಾಳ್ಯಾಗ ವಾಚು ಸುಳ್ಳು ಹೇಳ್ತೈತಿ, ನಿನ್ನ ಪಾಳ್ಯಾಗ ಖರೆ ಹೇಳ್ತೈತಿ. ಇದೆಂಥಾ ವಾಚಪ್ಪ ತಿಪ್ಪಣ್ಣ?"

"ನೀ ಮುಳ್ಳು ಮುಟ್ಟಿದಿಲ್ಲೋ? ಅದ್ನ ಹೇಳು ಮೊದ್ಲು."

"ಮುಟ್ಟಿದ್ದು ಹೌದು," ಎಂದ ಅಪ್ಪ. "ಮುಂದಕ್ಕ ತಿರುವೀನಿ. ಅದರಾಗ ಹೋಗಿದ್ದು ನನ್ನ ನೀರೇ."

ಮುಂದಕ್ಕೆ ತಿರುಗಿಸಿದರೆ ಯಾರಿಗೆ ನಷ್ಟ ಎಂದು ಅಲ್ಲಿ ನಿಂತು ಲೆಕ್ಕ ಹಾಕುವ ತಾಳ್ಮೆ ಒಬ್ಬರಿಗೂ ಇರಲಿಲ್ಲ. ಮುಂದಕ್ಕೋ ಹಿಂದಕ್ಕೋ, ಮುಟ್ಟಿದ್ದು ಮುಟ್ಟಿದ್ದೇ. ಕೈ ಹಿಂದಕ್ಕೆ ಕಟ್ಟಿ ನೋಡಿದ ಇಷ್ಟು ವರ್ಷದ ಸಿಟ್ಟೆಲ್ಲ ಅವರಿಗೆ ಅವತ್ತೇ ಬಂದಿತ್ತು. ಇಷ್ಟು ವರ್ಷ ಇವನು ಎಷ್ಟು ನೀರು ಕುಡಿದಿದ್ದಾನೋ ಎಂದು ಹೆಂಗಸರೂ ಅಂದರು. ಅವ್ವ ಅಳತೊಡಗಿದಳು.

ಅಪ್ಪ ಗಾದಿಲಿಂಗ ಮಾವನ ಕಡೆ ತಿರುಗಿದ. "ಗಾದಿಲಿಂಗ, ನಿನಗ ಗೊತ್ತೈತಿ. ನೀನಾರ ಹೇಳು."

ಮಾವ ತನ್ನ ಕಾಲ ಬಳಿಯ ಕೆಸರನ್ನು ಹೆಬ್ಬೆರಳಿನಿಂದ ಕೆದಕುತ್ತಾ ನಿಂತಿದ್ದ. ಹೇಳಿದರೆ ಜನ ನಂಬುತ್ತಿದ್ದರು, ಅವತ್ತು ಅವನ ಮಾತಿಗೆ ತೂಕವಿತ್ತು. ಆದರೆ ನನಗೂ ಗೊತ್ತಿತ್ತು ಎಂದು ಬಾಯಿಬಿಟ್ಟರೆ ತಾನೂ ಇಷ್ಟು ವರ್ಷ ಮುಚ್ಚಿಟ್ಟವನಾಗುತ್ತೇನೆಂದು ಹೆದರಿದನೋ, ಹೊಸ ವಾಚಿನ ಹಮ್ಮೋ, ದೇವರಿಗೇ ಗೊತ್ತು. "ನಂಗೇನು ಗೊತ್ತಪಾ, ನಿನ್ನ ವಾಚಿನ ಸಂಗ್ತಿ," ಎಂದ.

ಅಪ್ಪ ವಾಚು ಬಿಚ್ಚಿ ಜೇಬಿಗೆ ಹಾಕಿಕೊಂಡು ಮನೆಗೆ ಬಂದ. ನನಗೆ ಆಗ ಮಾವನನ್ನು ಕಲ್ಲಿನಿಂದ ಹೊಡೆಯಬೇಕೆನಿಸಿತ್ತು. ಈಗಲೂ ಆ ಸಿಟ್ಟು ಪೂರ್ತಿ ಆರಿಲ್ಲ.

ಮರದ ಮೇಲೆ ಸೆಲ್ ವಾಚೊಂದೇ ಉಳಿಯಿತು. ನ್ಯಾಯವಾಗಿ ಹೇಳಬೇಕೆಂದರೆ ಅದು ಬಲು ನಿಯತ್ತಿನ ವಾಚು. ಯಾರೂ ಕೀ ಕೊಡಲಿಲ್ಲ, ಯಾರೂ ಮುಳ್ಳು ತಿರುಗಿಸಲಿಲ್ಲ. ರೇಡಿಯೋಗೂ ಅದಕ್ಕೂ ಕೂದಲಷ್ಟು ವ್ಯತ್ಯಾಸವಿರಲಿಲ್ಲ. "ಇದಪಾ ವಾಚು ಅಂದ್ರ" ಎಂದು ಜನ ನಮ್ಮ ಮನೆ ಮುಂದೆ ಹಾಯುವಾಗ ಬೇಕೆಂದೇ ಜೋರಾಗಿ ಹೇಳುತ್ತಿದ್ದರು. ಅಪ್ಪ ಒಳಗೆ ಕೂತು ಹಗ್ಗ ಹೊಸೆಯುತ್ತಿದ್ದ.

ಹೀಗಿರುವಾಗ ಒಂದು ಮಧ್ಯಾಹ್ನ ಮೋಡ ಮುಸುಕಿತ್ತು, ಸೂರ್ಯನ ಗುರುತು ಹತ್ತುವಂತಿರಲಿಲ್ಲ. ಗಾದಿಲಿಂಗ ಮಾವನ ಪಾಳಿ. ಅವನು ಗದ್ದೆಯಲ್ಲಿ ಕೆಲಸ ಮಾಡುತ್ತಾ ಆಗಾಗ ಬಂದು ವಾಚು ನೋಡುತ್ತಿದ್ದ. ಇನ್ನೂ ಹೊತ್ತಿದೆಯೆಂದು ಮತ್ತೆ ಹೋಗುತ್ತಿದ್ದ. ದೊಡ್ಡ ಮುಳ್ಳೆರಡು ಕಾಣುತ್ತಿದ್ದವು, ಕೂದಲಿನಂಥ ಮೂರನೆಯ ಮುಳ್ಳು ಅವನ ಕಣ್ಣಿಗೆ ಹತ್ತುತ್ತಿರಲಿಲ್ಲ. ಸೆಲ್ಲು ಯಾವಾಗಲೋ ಸತ್ತಿತ್ತು. ವಾಚು ಕೆಮ್ಮಲಿಲ್ಲ, ತೆವಳಲಿಲ್ಲ, ಹೊಳೆಯುತ್ತಲೇ ನಿಂತುಬಿಟ್ಟಿತ್ತು. ಅವನ ಗದ್ದೆ ತುಂಬಿ ಬದುವಿನ ಮೇಲೆ ನೀರು ಹೊರಳುವವರೆಗೂ ಯಾರಿಗೂ ಗೊತ್ತಾಗಲಿಲ್ಲ. ಕೆಳಗಿನ ಗದ್ದೆಯವರು ಬಂದು ನೋಡುವಷ್ಟರಲ್ಲಿ ಮೇಲಿನಿಂದ ಬರುವ ನೀರೂ ಬತ್ತಿತ್ತು. ಅವರ ಭತ್ತ ಆ ಸಲ ಬರೀ ಜೊಳ್ಳಾಯಿತು.

ಸೆಲ್ಲು ತಾನಾಗಿ ಸತ್ತದ್ದೆಂದು ನಂಬುವವರು ಯಾರು? ನೀರಿನಾಸೆಗೆ ಮಾವನೇ ನಿಲ್ಲಿಸಿದ ಎಂದರು. ವಾಚು ವರ್ಷಗಟ್ಟಲೆ ನಿಲ್ಲುವುದಿಲ್ಲ ಎಂದವನು ಅವನೇ ಅಲ್ಲವೇ? ಯಾರೋ ಸನಿಕೆ ಬೀಸಿದರು. ಮಾವನ ಹಣೆ ಒಡೆಯಿತು.

ಅವತ್ತು ಸಂಜೆ ಮಾವ ನಮ್ಮ ಮನೆಗೆ ಬಂದ. ಹಣೆಗೆ ಅರಿಶಿಣ ಮೆತ್ತಿ ಬಟ್ಟೆ ಕಟ್ಟಿದ್ದರು. ಅವನ ಹಿಂದೆ ಈರಮ್ಮ ಅವನ ಪಂಚೆಯ ತುದಿ ಹಿಡಿದುಕೊಂಡು ನಿಂತಿದ್ದಳು. ನಾನು ಬಾಗಿಲ ಮರೆಯಲ್ಲಿದ್ದೆ.

"ತಿಪ್ಪಣ್ಣ, ನೀ ಬಂದು ಒಂದು ಮಾತು ಹೇಳಪಾ. ವಾಚು ನಿಂದ್ರೋದಂದ್ರ ಏನು ಅಂತ ನಿನಗ ಗೊತ್ತೈತಿ. ನಾ ಅಂಥಾವ ಅಲ್ಲ ಅಂತನೂ ಗೊತ್ತೈತಿ. ನನ್ನ ಮ್ಯಾಲ ಸಿಟ್ಟಿದ್ದಾವ ನೀನ ಹೇಳಿದ್ರ ನಂಬ್ತಾರ. ನಿನಗ ಮಾಡಬಾರದ್ದು ಮಾಡೀನಿ, ಕಾಲು ಹಿಡ್ಕಂತೀನಿ."

ಅಪ್ಪ ಹೊಸೆಯುತ್ತಿದ್ದ ಹಗ್ಗ ಕೆಳಗಿಡಲಿಲ್ಲ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಎದ್ದು ಹೋಗುತ್ತಾನೆ, ಹೋಗೇ ಹೋಗುತ್ತಾನೆ ಎಂದುಕೊಂಡೆ. ಅವ್ವ ಅಡುಗೆ ಮನೆಯಿಂದಲೇ, "ಹೋಗಿ ಬರ್ರಿ, ಹೆಂಗಾರ ಇರ್ಲಿ ಜೀವದ ಗೆಣ್ಯಾ ಅದಾನ" ಎಂದಳು.

"ನಂಗೇನು ಗೊತ್ತಪಾ, ನಿನ್ನ ವಾಚಿನ ಸಂಗ್ತಿ," ಎಂದ ಅಪ್ಪ.

ಮಾವ ಮಗಳ ಕೈ ಹಿಡಿದುಕೊಂಡು ಹೊರಟುಹೋದ. ಆ ರಾತ್ರಿ ಅಪ್ಪ ಉಣ್ಣಲಿಲ್ಲ.

ಮುಂದಿನ ವರ್ಷ ಪಾಳಿಗೆ ಪ್ರತಿಯೊಬ್ಬನೂ ತನ್ನದೇ ಸೆಲ್ ವಾಚು ಕಟ್ಟಿಕೊಂಡು ಬಂದ. ಜಾಲಿಯ ಮೊಳೆಗಳು ಹಾಗೇ ತುಕ್ಕು ಹಿಡಿದವು. ಎಲ್ಲ ವಾಚೂ ಸರಿಯಾಗಿದ್ದವು, ಜಗಳ ಮಾತ್ರ ತಪ್ಪಲಿಲ್ಲ. ಬರಬರುತ್ತ ಪಾಳಿಯೂ ನಿಂತಿತು. ಯಾರ ಮೋಟರು ದೊಡ್ಡದೋ ನೀರು ಅವರದು ಎಂದಾಯಿತು. ಗಾದಿಲಿಂಗ ಮಾವ ತೀರಿಕೊಂಡಾಗ ಅಪ್ಪ ಮಣ್ಣಿಗೆ ಹೋಗಲಿಲ್ಲ. ಮೂರು ಮನೆ ಆಚೆ ಸಾವಿನ ಹಲಗೆ ಬಡಿಯುತ್ತಿದ್ದರೆ ಇಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ. ಅಪ್ಪ ಹೋದಾಗ ಆ ಮನೆಯಿಂದಲೂ ಯಾರೂ ಬರಲಿಲ್ಲ.

ಯಾವ ವಾಚು ಮೇಲು ಎಂದು ಈಗ ಯಾರಾದರೂ ಕೇಳಿದರೆ ಸೆಲ್ ವಾಚೇ ಮೇಲು ಅನ್ನುತ್ತೇನೆ. ಅದಕ್ಕೆ ಸೆಲ್ಲು ಹಾಕಿದರೆ ಮತ್ತೆ ಎದ್ದು ಓಡುತ್ತದೆ. ಕೀ ವಾಚನ್ನು ತೊಳೆಸಿ, ಎಣ್ಣೆ ಬಿಡಿಸಿ, ಮನೆಮಂದಿಯಂತೆ ದಿನಾ ಮಾತಾಡಿಸಬೇಕು, ಆದರೂ ಹಿಂದೆ ಬೀಳುತ್ತದೆ. ಹಿಂದೆ ಬಿದ್ದದ್ದನ್ನು ತನ್ನ ಗದ್ದೆಯ ಮೇಲೆ ಹಾಕಿಕೊಳ್ಳುವವನೊಬ್ಬ ಬೇಕಾಗುತ್ತದೆ. ಅಂಥವನನ್ನೂ ನಾವು ಕಳೆದುಕೊಂಡೆವು. ಕೊನೆಗೆ ಅವನೂ ಎಲ್ಲರಂತಾದ ಎಂಬುದೇ ನನಗೆ ಸಾಯುವವರೆಗೆ ಆರದ ಹೊಟ್ಟೆಯುರಿ.

ನಾನು ತೆಲುಗು ಮಾತಾಡುವ ರಾಯದುರ್ಗಕ್ಕೆ ಬಂದು ಜೀನ್ಸ್ ಪ್ಯಾಂಟು ಹೊಲಿಯುತ್ತಾ ಮುಕ್ಕಾಲು ಆಯುಷ್ಯ ಕಳೆದೆ. ಈರಮ್ಮನನ್ನೂ ಇಲ್ಲಿಗೇ ಕೊಟ್ಟಿದ್ದಾರೆಂದು ಕೇಳಿದ್ದೆ. ಮೊನ್ನೆ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದಾಗ ಪಕ್ಕದಲ್ಲಿ ಬಂದು ಕೂತವಳು ಅವಳೇ. ಹುಬ್ಬು ಥೇಟ್ ಮಾವನದೇ. ನನ್ನನ್ನು ಗುರುತು ಹಿಡಿದಳು, ಕಣ್ಣಿನಲ್ಲಿ ಗೊತ್ತಾಯಿತು. ಮನೆಯಲ್ಲಿ, ಬೀದಿಯಲ್ಲಿ, ಒಂದೇ ಎಲೆಯಲ್ಲಿ ಉಣ್ಣುವಾಗ ನಾವಿಬ್ಬರೂ ಆಡಿದ್ದೆಲ್ಲ ಕನ್ನಡವೇ. ತೆಲುಗು ಏನಿದ್ದರೂ ಇಲ್ಲಿ ಪರಿಚಯವಿಲ್ಲದವರ ಜೊತೆ.

"ಬಾಗುನ್ನಾರಾ ಅಂಡಿ?" ಚೆನ್ನಾಗಿದ್ದೀರಾ ಎಂದು ತೆಲುಗಿನಲ್ಲಿ ಕೇಳಿದಳು ಈರಮ್ಮ.

"ಬಾಗುನ್ನಾನು," ಎಂದು ನಾನೂ ತೆಲುಗಿನಲ್ಲೇ ಹೇಳಿ ಬದನೆಕಾಯಿ ತಕ್ಕಡಿಗೆ ಹಾಕಿದೆ.